ಟರ್ಬೋ ಇಲ್ಲದೆ ಲೀಟರ್‌ಗೆ 100 ಎನ್‌ಎಂ ಟಾರ್ಕ್: ಎಂಜಿನ್ ಕಟ್ಟುವಾಗ ಯಾವುದಕ್ಕೆ ಮೊದಲು ಕೈ ಹಾಕಬೇಕು?

ಸ್ಪ್ಯಾನರ್

ಎಲ್ಲರಿಗೂ ನಮಸ್ಕಾರ. 1.6 ಲೀಟರ್, ನಾಲ್ಕು ಸಿಲಿಂಡರ್, 16 ವಾಲ್ವ್ ಪೆಟ್ರೋಲ್ ಎಂಜಿನ್ ಒಂದನ್ನು ಪೂರ್ತಿ ಬಿಚ್ಚಿಟ್ಟಿದ್ದೇನೆ. ಬೋರ್ (ಸಿಲಿಂಡರ್ ಒಳಗಿನ ಅಗಲ) 79 ಮಿ.ಮೀ, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 81.5 ಮಿ.ಮೀ. ಕಂಪ್ರೆಷನ್ (ಒಳಗಿನ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಅಳತೆ) 9.5. ಮೊದಲಿದ್ದ ಟಾರ್ಕ್ (ತಿರುಗಿಸುವ ಬಲ) ಸುಮಾರು 140 ಎನ್‌ಎಂ (ನ್ಯೂಟನ್ ಮೀಟರ್). ಅದನ್ನು 160ಕ್ಕೆ ಒಯ್ಯಬೇಕು ಅನ್ನುವುದು ಆಸೆ. ಅಂದರೆ ಲೀಟರ್‌ಗೆ 100.

ರೇಸಿಗಲ್ಲ. 2000ದಿಂದ 5000 ಆರ್‌ಪಿಎಂ ಒಳಗೇ ಓಡಿಸುವುದು. ಟರ್ಬೋ ಬೇಡ. ಮೈಲೇಜ್ ಕಮ್ಮಿಯಾಗಬಾರದು, ಸಾಧ್ಯವಾದರೆ ಇನ್ನೂ ಒಳ್ಳೆಯದಾಗಲಿ.

ಒಬ್ಬರು ಸ್ಟ್ರೋಕ್ ಜಾಸ್ತಿ ಮಾಡು ಅಂತಾರೆ. ಇನ್ನೊಬ್ಬರು ಪೋರ್ಟ್ (ಹೆಡ್ ಒಳಗೆ ಗಾಳಿ ಹೋಗುವ ದಾರಿ) ದೊಡ್ಡದು ಮಾಡಿ ದೊಡ್ಡ ಕ್ಯಾಮ್ (ವಾಲ್ವ್ ತೆರೆದು ಮುಚ್ಚಿಸುವ ದಂಡ) ಹಾಕು ಅಂತಾರೆ. ಯಾವುದನ್ನು ಮೊದಲು ಮಾಡಬೇಕು?

ಲಾಂಗ್‌ಸ್ಟ್ರೋಕ್

ಸ್ಟ್ರೋಕೇ. ಟಾರ್ಕ್ ಅಂದರೆ ಬಲ ಮತ್ತು ಲಿವರ್‌ನ ಉದ್ದ, ಅಲ್ವಾ? ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಉದ್ದವಾದಷ್ಟೂ ಲಿವರ್ ಉದ್ದ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ನೋಡಿ, ಬೋರ್ 72, ಸ್ಟ್ರೋಕ್ 85.8. ಟಾಪ್ ಗೇರಿನಲ್ಲಿ ಕಡಿಮೆ ಸ್ಪೀಡಿನಲ್ಲೂ ಎಳೆದುಕೊಂಡು ಹೋಗುತ್ತದೆ. ಲಾಂಗ್ ಸ್ಟ್ರೋಕ್ ಎಂಜಿನ್‌ನ ಗುಣವೇ ಅದು.

ವಾಲ್ವ್‌ಸೀಟ್

ಈ ಮಾತು ಎಲ್ಲ ಕಡೆ ಕೇಳುತ್ತೇವೆ. ಆದರೆ ಲೆಕ್ಕ ಹಾಕಿ ನೋಡಿದರೆ ನಿಲ್ಲುವುದಿಲ್ಲ. ನೀವು ಕ್ಲಾಸಿಕ್ 350 ಹೆಸರು ಹೇಳಿದ್ದೀರಿ. ಅದನ್ನೇ ತೆಗೆದುಕೊಳ್ಳೋಣ, ಪಕ್ಕದಲ್ಲಿ 373 ಸಿಸಿಯ ಹಳೇ ಕೆಟಿಎಂ 390 ಡ್ಯೂಕ್ ಇಡೋಣ. ಅದರ ಬೋರ್ 89, ಸ್ಟ್ರೋಕ್ ಬರೀ 60.

ಎರಡರ ಪಿಸ್ಟನ್ ಮೇಲೂ ಸರಾಸರಿ 10 ಬಾರ್ ಒತ್ತಡ ಬೀಳುತ್ತಿದೆ ಅಂದುಕೊಳ್ಳಿ. 72 ಮಿ.ಮೀ ಪಿಸ್ಟನ್ ಮೇಲೆ ಬೀಳುವ ಬಲ ಸುಮಾರು 4070 ನ್ಯೂಟನ್. ಲಿವರ್ ಅಂದರೆ ಸ್ಟ್ರೋಕ್‌ನ ಅರ್ಧ, 42.9 ಮಿ.ಮೀ. ಗುಣಿಸಿದರೆ 174.7. 89 ಮಿ.ಮೀ ಪಿಸ್ಟನ್ ಮೇಲೆ ಬೀಳುವ ಬಲ 6220 ನ್ಯೂಟನ್, ಲಿವರ್ 30 ಮಿ.ಮೀ. ಗುಣಿಸಿದರೆ 186.6. ಎರಡರ ನಡುವಿನ ವ್ಯತ್ಯಾಸ ಸುಮಾರು ಶೇ. 7. 349 ಸಿಸಿಗೂ 373 ಸಿಸಿಗೂ ಇರುವ ವ್ಯತ್ಯಾಸವೂ ಶೇ. 7.

ಅಂದರೆ ಲಿವರ್‌ನಲ್ಲಿ ಗಳಿಸಿದ್ದನ್ನು ಪಿಸ್ಟನ್‌ನ ಅಗಲದಲ್ಲಿ ಕಳೆದುಕೊಳ್ಳುತ್ತೀರಿ. ಸಿಸಿ ಒಂದೇ ಆಗಿದ್ದರೆ ಬೋರ್-ಸ್ಟ್ರೋಕ್ ಹೇಗೇ ಹಂಚಿದರೂ ಟಾರ್ಕ್ ಒಂದೇ. ಉಳಿಯುವ ಪ್ರಶ್ನೆ ಒಂದೇ: ಆ ಸರಾಸರಿ ಒತ್ತಡ ಎಷ್ಟು?

ಅದಕ್ಕೆ ಬಿಎಂಇಪಿ ಅಂತಾರೆ, ಬ್ರೇಕ್ ಮೀನ್ ಎಫೆಕ್ಟಿವ್ ಪ್ರೆಷರ್. ಫೋರ್ ಸ್ಟ್ರೋಕ್ ಎಂಜಿನ್‌ಗೆ ಸುಲಭದ ಲೆಕ್ಕ ಇದೆ. ಟಾರ್ಕನ್ನು ಲೀಟರ್‌ನಿಂದ ಭಾಗಿಸಿ, 0.1257ರಿಂದ ಗುಣಿಸಿ. ಉತ್ತರ ಬಾರ್‌ನಲ್ಲಿ ಬರುತ್ತದೆ. ಕ್ಲಾಸಿಕ್ 350 ಕೊಡುವುದು 27 ಎನ್‌ಎಂ, ಅಂದರೆ 9.7 ಬಾರ್. ಡ್ಯೂಕ್ ಕೊಡುವುದು 37 ಎನ್‌ಎಂ, ಅಂದರೆ 12.5 ಬಾರ್ ಹತ್ತಿರ. ಸಿಸಿ ಲೆಕ್ಕದಲ್ಲಿ ಟಾರ್ಕ್ ಜಾಸ್ತಿ ಇರುವುದು ಶಾರ್ಟ್ ಸ್ಟ್ರೋಕ್ ಎಂಜಿನ್‌ನಲ್ಲೇ.

ಲಾಂಗ್‌ಸ್ಟ್ರೋಕ್

ಲೆಕ್ಕ ಒಪ್ಪಿದೆ. ಆದರೆ ಓಡಿಸುವಾಗ ಕ್ಲಾಸಿಕ್ಕೇ ಜಾಸ್ತಿ ಎಳೆಯುತ್ತದೆ ಅನ್ನಿಸುವುದು ಸುಳ್ಳಲ್ಲವಲ್ಲ? ಎರಡೂ ಓಡಿಸಿದವರು ಯಾರೇ ಆದರೂ ಹೇಳುತ್ತಾರೆ.

ವಾಲ್ವ್‌ಸೀಟ್

ಖಂಡಿತ ಸುಳ್ಳಲ್ಲ. ಆ ಎಂಜಿನ್‌ನ 27 ಎನ್‌ಎಂ ಸಿಗುವುದು 4000 ಆರ್‌ಪಿಎಂಗೇ. ಡ್ಯೂಕ್‌ನ 37 ಸಿಗಬೇಕಾದರೆ 7000ದ ತನಕ ಹೋಗಬೇಕು. ನಿಮ್ಮ ಕೈಗೆ ಗೊತ್ತಾಗುವುದು ಟಾರ್ಕ್ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಸಿಗುತ್ತದೆ ಅನ್ನುವುದು. ಜೊತೆಗೆ ಭಾರದ ಫ್ಲೈವೀಲ್ ಇದ್ದರೆ ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್ ಜಗ್ಗದೆ ಸುತ್ತುತ್ತದೆ. ಅದು ಟಾರ್ಕ್ ಹೆಚ್ಚಿಸುವುದಿಲ್ಲ, ಆದರೆ ಹಿಡಿತ ಕೊಡುತ್ತದೆ.

ಇನ್ನೂ ಒಳ್ಳೆಯ ಜೋಡಿ ಇದೆ. ಎರಡೂ 2 ಲೀಟರ್, ಎರಡಕ್ಕೂ ಟರ್ಬೋ ಇಲ್ಲ. ಹೋಂಡಾ ಎಸ್2000 ಕಾರಿನ ಎಫ್20ಸಿ ಎಂಜಿನ್ 208 ಎನ್‌ಎಂ ಕೊಡುತ್ತದೆ, 7500 ಆರ್‌ಪಿಎಂಗೆ. ಮಾಜ್ದಾದ ಸ್ಕೈಆಕ್ಟಿವ್-ಜಿ ಯುರೋಪಿನ ಮಾದರಿಯಲ್ಲಿ 210 ಎನ್‌ಎಂ ಕೊಡುತ್ತದೆ, 4000ಕ್ಕೇ. ಲೀಟರ್ ಲೆಕ್ಕದಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ, 13 ಬಾರ್‌ನ ಮೇಲೆ. ಪ್ರತಿ ಸುತ್ತಿನಲ್ಲೂ ಹಿಡಿದ ಗಾಳಿಯಿಂದ ಎರಡೂ ಅಷ್ಟೇ ಕೆಲಸ ತೆಗೆಯುತ್ತಿವೆ. ಎಲ್ಲಿ ಹಿಡಿಯಬೇಕು ಅನ್ನುವುದನ್ನು ಮಾತ್ರ ಬೇರೆ ಬೇರೆ ಆರಿಸಿಕೊಂಡಿವೆ. ಸ್ಪ್ಯಾನರ್‌ಗೆ ಬೇಕಾದದ್ದು ಎರಡನೆಯ ದಾರಿ.

ಅಂದಹಾಗೆ ಲಾಂಗ್ ಸ್ಟ್ರೋಕ್‌ಗೆ ಬೇರೆ ಒಂದು ನಿಜವಾದ ಲಾಭ ಇದೆ. ಬೋರ್ ಸಣ್ಣದಾದರೆ ಕಂಬಷನ್ ಚೇಂಬರ್ ಒತ್ತಾಗಿರುತ್ತದೆ, ಜ್ವಾಲೆ ಓಡಬೇಕಾದ ದೂರ ಕಮ್ಮಿ, ಗೋಡೆಗೆ ಹೋಗುವ ಶಾಖವೂ ಕಮ್ಮಿ. ಟೊಯೋಟಾದ 2.5 ಲೀಟರ್ ಎ25ಎ ಎಂಜಿನ್ 87.5 ಬೋರ್, 103.4 ಸ್ಟ್ರೋಕ್ ಇಟ್ಟುಕೊಂಡಿರುವುದಕ್ಕೆ ಇದೂ ಒಂದು ಕಾರಣ. ಹೈಬ್ರಿಡ್ ಮಾದರಿಯಲ್ಲಿ ಅದರ ಥರ್ಮಲ್ ಎಫಿಶಿಯೆನ್ಸಿ ಶೇ. 41. ಅದು ಲಿವರ್‌ನ ಕೆಲಸ ಅಲ್ಲ, ಉರಿಯುವಿಕೆಯ ಕೆಲಸ.

ಲ್ಯಾಂಬ್ಡಾ

ಸ್ಪ್ಯಾನರ್, 100 ಎನ್‌ಎಂ ಅನ್ನುವ ಗುರಿ ಎಷ್ಟು ದೊಡ್ಡದು ಅಂತ ಒಮ್ಮೆ ನೋಡಿಕೊಳ್ಳಿ.

ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ. 14.7ಕ್ಕೆ 1ರ ಲೆಕ್ಕದಲ್ಲಿ ಅದರ ಜೊತೆ ಉರಿಯಬಲ್ಲ ಪೆಟ್ರೋಲ್ 0.082 ಗ್ರಾಂ. ಅದರಲ್ಲಿರುವ ಶಕ್ತಿ ಸುಮಾರು 3.5 ಕಿಲೋಜೂಲ್. ಇದು ಪೂರ್ತಿ ಕೆಲಸವಾಗಿ ಬದಲಾದರೆ ಲೀಟರ್‌ಗೆ 280 ಎನ್‌ಎಂ ಸಿಗಬೇಕು. ಸಿಲಿಂಡರ್ ನೂರಕ್ಕೆ ನೂರು ತುಂಬಿ, ಅದರಲ್ಲಿ ಶೇ. 35 ಮಾತ್ರ ಕ್ರ್ಯಾಂಕ್‌ಗೆ ತಲುಪಿದರೆ 98 ಎನ್‌ಎಂ. ಶೇ. 30 ತಲುಪಿದರೆ ಬರೀ 84.

ಹಾಗಾಗಿ ಕೈ ಹಾಕಲು ಇರುವುದು ಎರಡೇ ಜಾಗ. ಜಾಸ್ತಿ ಗಾಳಿ ಹಿಡಿಯಬೇಕು. ಹಿಡಿದ ಗಾಳಿಯಿಂದ ಜಾಸ್ತಿ ಕೆಲಸ ತೆಗೆಯಬೇಕು. ಎರಡನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಮೈಲೇಜೂ ಬೇಕು ಅಂದಿದ್ದೀರಲ್ಲ, ನಿಮಗೆ ಎರಡನೆಯದೇ ಮೊದಲು.

ಬೂಸ್ಟ್

ಇಷ್ಟೆಲ್ಲ ಕಷ್ಟ ಯಾಕೆ? ಒಂದು ಸಣ್ಣ ಟರ್ಬೋ ಹಾಕಿದರೆ 20 ಬಾರ್ ಸುಲಭವಾಗಿ ದಾಟುತ್ತದೆ. ಎಎಂಜಿಯ ಎಂ139 ಎಂಜಿನ್ 2 ಲೀಟರ್‌ನಲ್ಲೇ 500 ಎನ್‌ಎಂ ಕೊಡುತ್ತದೆ. ಅದು 31 ಬಾರ್‌ಗಿಂತ ಜಾಸ್ತಿ.

ಲ್ಯಾಂಬ್ಡಾ

ಬೇಡ ಅಂತ ಅವರೇ ಹೇಳಿದ್ದಾರೆ. ಟರ್ಬೋ ಒಳಗೆ ಹೋಗುವ ಗಾಳಿ ಹೆಚ್ಚಿಸುತ್ತದೆ. ಚೇಂಬರ್ ಸರಿಯಿಲ್ಲದ ಎಂಜಿನ್‌ಗೆ ಟರ್ಬೋ ಹಾಕಿದರೆ ನಾಕಿಂಗ್ (ಜ್ವಾಲೆ ತಲುಪುವ ಮುಂಚೆಯೇ ಮಿಶ್ರಣ ತಾನಾಗಿ ಸಿಡಿಯುವುದು) ಇನ್ನೂ ಬೇಗ ಶುರುವಾಗುತ್ತದೆ. ಕೆಳಗೆ ಹೇಳುವ ಕೆಲಸಗಳೆಲ್ಲ ಟರ್ಬೋ ಎಂಜಿನ್‌ಗೂ ಬೇಕೇ ಬೇಕು.

ವಾಲ್ವ್‌ಸೀಟ್

ಹಾಗಾದರೆ ಕಂಪ್ರೆಷನ್‌ನಿಂದ ಶುರು ಮಾಡೋಣ.

ಪುಸ್ತಕದ ಲೆಕ್ಕದಲ್ಲಿ ಕಂಪ್ರೆಷನ್ 9 ಇದ್ದಾಗ ಆದರ್ಶ ಎಫಿಶಿಯೆನ್ಸಿ ಶೇ. 58.5, 11 ಇದ್ದಾಗ ಶೇ. 61.7, 14 ಇದ್ದಾಗ ಶೇ. 65.2. ನಿಜವಾದ ಎಂಜಿನ್ ಇದರ ಹತ್ತಿರ ಬರುವುದಿಲ್ಲ, ಆದರೆ ಏರಿಕೆ ಇದೇ ದಿಕ್ಕಿನಲ್ಲಿ ಇರುತ್ತದೆ. 9.5ರಿಂದ 11ಕ್ಕೆ ಹೋದರೆ ಮೂರು ಶೇಕಡಾದಷ್ಟು ಲಾಭ ಎಣಿಸಬಹುದು. ಇದು ಎಲ್ಲ ಆರ್‌ಪಿಎಂನಲ್ಲೂ ಸಿಗುವ ಲಾಭ, ಅರ್ಧ ಥ್ರಾಟಲ್‌ನಲ್ಲೂ ಸಿಗುತ್ತದೆ. ಟಾರ್ಕೂ ಮೈಲೇಜೂ ಒಟ್ಟಿಗೆ ಏರುವ ಕೆಲಸಗಳು ಕಮ್ಮಿ. ಇದು ಅವುಗಳಲ್ಲಿ ಮುಖ್ಯವಾದದ್ದು.

ನಿಮ್ಮ ಒಂದು ಸಿಲಿಂಡರ್ 399.5 ಸಿಸಿ. ಕಂಪ್ರೆಷನ್ 9.5 ಅಂದರೆ ಮೇಲೆ ಉಳಿಯುವ ಜಾಗ 47 ಸಿಸಿ. 11 ಬೇಕಾದರೆ 40 ಸಿಸಿ. 7 ಸಿಸಿ ಕಡಿಮೆ ಮಾಡಬೇಕು. ಅದನ್ನು ಎಲ್ಲಿಂದ ತೆಗೆಯುತ್ತೀರಿ ಅನ್ನುವುದರಲ್ಲಿ ಎಲ್ಲವೂ ಇದೆ.

ಸುಮ್ನೆ ದಪ್ಪ ತಲೆಯ ಪಿಸ್ಟನ್ ಹಾಕಿ 7 ಸಿಸಿ ತುಂಬಿಸಬೇಡಿ. ಪಿಸ್ಟನ್ ಮೇಲೆ ಬಂದಾಗ ಅದರ ಅಂಚಿಗೂ ಹೆಡ್‌ನ ಚಪ್ಪಟೆ ಭಾಗಕ್ಕೂ ನಡುವೆ ಉಳಿಯುವ ಸಂದು ಇದೆಯಲ್ಲ, ಅದಕ್ಕೆ ಸ್ಕ್ವಿಶ್ ಅಂತಾರೆ. ಮೊದಲು ಅದನ್ನು ಅಳೆಯಿರಿ. ಅದು 1.6 ಮಿ.ಮೀ ಇದ್ದರೆ ಯಾವ ಉಪಯೋಗಕ್ಕೂ ಬಾರದ ಅಳತೆ. ಗಾಳಿಯನ್ನು ಜೋರಾಗಿ ನಡುವಿಗೆ ತಳ್ಳುವಷ್ಟು ಸಣ್ಣದಲ್ಲ. ಒಳಗಿನ ಮಿಶ್ರಣ ಸರಿಯಾಗಿ ಉರಿಯುವಷ್ಟು ದೊಡ್ಡದೂ ಅಲ್ಲ. ನಾಕಿಂಗ್ ಶುರುವಾಗುವುದು ಇಂಥ ಮೂಲೆಯಲ್ಲೇ.

ಸ್ಟೀಲ್ ರಾಡ್ ಇರುವ ರಸ್ತೆ ಎಂಜಿನ್‌ಗೆ 1 ಮಿ.ಮೀ ಆಸುಪಾಸು ಒಳ್ಳೆಯದು. 1.6ರಿಂದ 1.0ಗೆ ಬರಲು ಬ್ಲಾಕ್‌ನ ಮೇಲ್ಮೈ 0.6 ಮಿ.ಮೀ ತೆಗೆಸಿದರೆ 2.9 ಸಿಸಿ ಹೋಯಿತು. ಕಂಪ್ರೆಷನ್ ಆಗಲೇ 10 ದಾಟಿತು. ಉಳಿದ 4 ಸಿಸಿ ಪಿಸ್ಟನ್ ತಲೆಯ ಕುಳಿ ಕಡಿಮೆ ಮಾಡಿ ತೆಗೆಯಿರಿ. ಕಂಪ್ರೆಷನ್ ಏರಿದರೂ ನಾಕಿಂಗ್ ಅದೇ ಅಳತೆಯಲ್ಲಿ ಏರುವುದಿಲ್ಲ. ಯಾಕೆಂದರೆ ಉರಿಯುವ ವೇಗವೂ ಏರಿರುತ್ತದೆ.

ಬ್ಲಾಕ್ ತೆಗೆಸಿದ ಮೇಲೆ ವಾಲ್ವ್‌ಗೂ ಪಿಸ್ಟನ್‌ಗೂ ಇರುವ ಅಂತರ ಮತ್ತೆ ನೋಡಲೇಬೇಕು. ಇದನ್ನು ಬಿಡಬೇಡಿ.

ಸ್ಪ್ಯಾನರ್

ಸ್ಕ್ವಿಶ್ ಅಳೆಯುವುದು ಹೇಗೆ? ಹೆಡ್ ಕೂತ ಮೇಲೆ ಒಳಗೆ ಏನೂ ಹೋಗುವುದಿಲ್ಲವಲ್ಲ.

ಗೇಜ್

ಇದಕ್ಕೆ ಮೆತ್ತನೆ ಸೋಲ್ಡರ್ ತಂತಿ ಸಾಕು. 2 ಮಿ.ಮೀ ದಪ್ಪದ್ದು ತಗೊಳ್ಳಿ. ಎರಡು ತುಂಡು ಕತ್ತರಿಸಿ, ಪಿಸ್ಟನ್ ಮೇಲೆ ಗ್ರೀಸ್ ಹಚ್ಚಿ ಅಂಚಿಗೆ ಕೂರಿಸಿ. ಜಾಗ ಮುಖ್ಯ: ಗಜನ್ ಪಿನ್ (ಪಿಸ್ಟನ್ನನ್ನು ರಾಡ್‌ಗೆ ಜೋಡಿಸುವ ಪಿನ್) ಇರುವ ಗೆರೆಯ ಮೇಲೇ ಎರಡೂ ತುದಿಗೆ ಇಡಬೇಕು. ಬೇರೆ ಕಡೆ ಇಟ್ಟರೆ ಪಿಸ್ಟನ್ ಪಿನ್ ಮೇಲೆ ಓಲಾಡುತ್ತದೆ, ಅಳತೆ ತಪ್ಪು ಬರುತ್ತದೆ.

ಹಳೇ ಗ್ಯಾಸ್ಕೆಟ್ ಇಟ್ಟು ಹೆಡ್ ಕೂರಿಸಿ, ಬೋಲ್ಟ್ ಪೂರ್ತಿ ಟಾರ್ಕ್‌ಗೆ ಬಿಗಿಯಿರಿ. ಕ್ರ್ಯಾಂಕ್ ಕೈಯಲ್ಲೇ ನಿಧಾನವಾಗಿ ಟಿಡಿಸಿ (ಟಾಪ್ ಡೆಡ್ ಸೆಂಟರ್, ಪಿಸ್ಟನ್ ತಲುಪುವ ಅತಿ ಮೇಲಿನ ಜಾಗ) ದಾಟಿಸಿ. ಹೆಡ್ ತೆಗೆದು ಚಪ್ಪಟೆಯಾದ ತಂತಿಯನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಎರಡು ತುದಿ 1.58, 1.63 ಅಂತ ಬಂದರೆ ಪರವಾಗಿಲ್ಲ. ನಾಲ್ಕು ಸಿಲಿಂಡರ್‌ನಲ್ಲೂ ಮಾಡಿ. ನಾಲ್ಕೂ ಒಂದೇ ಇರುತ್ತವೆ ಅಂತ ನಂಬಬೇಡಿ. ರಾಡ್ ಉದ್ದ, ಪಿನ್ ಎತ್ತರ, ಬ್ಲಾಕ್‌ನ ಮೇಲ್ಮೈ ಎಲ್ಲದರಲ್ಲೂ ಸಣ್ಣ ಸಣ್ಣ ವ್ಯತ್ಯಾಸ ಇರುತ್ತದೆ. ಅತೀ ಸಣ್ಣ ಸಂದು ಇರುವ ಸಿಲಿಂಡರ್ ನೋಡಿಕೊಂಡು ಬ್ಲಾಕ್ ತೆಗೆಸಬೇಕು.

ಪೋರ್ಟರ್

ಕ್ಯಾಮ್ ವಿಷಯ ಯಾರೂ ಎತ್ತಿಲ್ಲ. ದೊಡ್ಡ ಕ್ಯಾಮ್ ಇಲ್ಲದೆ ಗಾಳಿ ಹೇಗೆ ಜಾಸ್ತಿ ಬರುತ್ತದೆ?

ವಾಲ್ವ್‌ಸೀಟ್

ನಾನು ಇದಕ್ಕೇ ಕಾಯುತ್ತಿದ್ದೆ. ಈ ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಸಂಖ್ಯೆ ಇನ್‌ಟೇಕ್ ವಾಲ್ವ್ ಮುಚ್ಚುವ ಹೊತ್ತು. ಲಿಫ್ಟ್ (ವಾಲ್ವ್ ಎಷ್ಟು ಎತ್ತರ ಏಳುತ್ತದೆ ಅನ್ನುವುದು) ಅಲ್ಲ, ಓವರ್‌ಲ್ಯಾಪ್ (ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು) ಅಲ್ಲ, ತೆರೆಯುವ ಹೊತ್ತೂ ಅಲ್ಲ.

ಪಿಸ್ಟನ್ ಕೆಳಗೆ ಹೋಗಿ ‘ಬಿಡಿಸಿ’ (ಬಾಟಮ್ ಡೆಡ್ ಸೆಂಟರ್, ಅತಿ ಕೆಳಗಿನ ಜಾಗ) ಮುಟ್ಟಿ ಮತ್ತೆ ಮೇಲೆ ಬರಲು ಶುರುಮಾಡಿದ ಮೇಲೂ ಇನ್‌ಟೇಕ್ ವಾಲ್ವ್ ತೆರೆದೇ ಇರುತ್ತದೆ. ಜೋರಾಗಿ ಸುತ್ತುವಾಗ ಒಳಗೆ ನುಗ್ಗುವ ಗಾಳಿಗೆ ವೇಗ ಇರುತ್ತದೆ, ಪಿಸ್ಟನ್ ಎದುರು ಬಂದರೂ ಅದು ಒಳಗೆ ಬರುತ್ತಲೇ ಇರುತ್ತದೆ. ನಿಧಾನವಾಗಿ ಸುತ್ತುವಾಗ ಆ ವೇಗ ಇರುವುದಿಲ್ಲ. ಒಳಗೆ ಬಂದ ಗಾಳಿಯನ್ನು ಪಿಸ್ಟನ್ ವಾಪಸ್ ಇನ್‌ಟೇಕ್‌ಗೇ ತಳ್ಳುತ್ತದೆ.

ನಿಮ್ಮ ಎಂಜಿನ್‌ಗೆ ಲೆಕ್ಕ ಹಾಕಿದೆ. ರಾಡ್ ಉದ್ದ 130 ಮಿ.ಮೀ ಅಂತ ಇಟ್ಟುಕೊಂಡಿದ್ದೇನೆ. ವಾಲ್ವ್ ಬಿಡಿಸಿ ಕಳೆದು 40 ಡಿಗ್ರಿಗೆ ಮುಚ್ಚಿದರೆ ಸ್ಟ್ರೋಕ್‌ನ ಶೇ. 91.6 ಇನ್ನೂ ಉಳಿದಿರುತ್ತದೆ. 60 ಡಿಗ್ರಿಗೆ ಮುಚ್ಚಿದರೆ ಉಳಿಯುವುದು ಶೇ. 81. ಅಂದರೆ ಕಡಿಮೆ ಆರ್‌ಪಿಎಂನಲ್ಲಿ ಐದರಲ್ಲಿ ಒಂದು ಪಾಲು ಜಾಗ ವ್ಯರ್ಥ. ಕಂಪ್ರೆಷನ್ 11 ಕಟ್ಟಿದ್ದರೂ ನಿಜವಾಗಿ ಸಿಗುವುದು 9.1. 40 ಡಿಗ್ರಿಗೆ ಮುಚ್ಚಿದರೆ 10.2.

ದೊಡ್ಡ ಕ್ಯಾಮ್ ಹಾಕಿದ ಎಂಜಿನ್ ಕೆಳಗೆ ಸೊರಗಿ 5000 ದಾಟಿದ ಮೇಲೆ ಎದ್ದು ನಿಲ್ಲುವುದು ಇದಕ್ಕೇ. ಸ್ಪ್ಯಾನರ್‌ನ ಬಳಕೆ 2000ದಿಂದ 5000. ಅವರಿಗೆ ದೊಡ್ಡ ಕ್ಯಾಮ್ ಕೊಟ್ಟರೆ ಬೇಡದ ಕಡೆ ಟಾರ್ಕ್ ಕೊಟ್ಟ ಹಾಗೆ. ಬೇಗ ಮುಚ್ಚುವ, ಆದರೆ ಚುರುಕಾಗಿ ಎತ್ತುವ ಕ್ಯಾಮ್ ಬೇಕು. ಡ್ಯುರೇಷನ್ (ವಾಲ್ವ್ ತೆರೆದಿರುವ ಹೊತ್ತು) ಕಮ್ಮಿ ಇರಲಿ, ಲಿಫ್ಟ್ ಪರವಾಗಿಲ್ಲ ಅನ್ನುವಷ್ಟು ಇರಲಿ. ಮೂಲ ಕ್ಯಾಮನ್ನೇ ಉಳಿಸಿಕೊಂಡು ಅಡ್ಜಸ್ಟ್ ಆಗುವ ಪುಲ್ಲಿಯಲ್ಲಿ ಇನ್‌ಟೇಕ್ ಕ್ಯಾಮನ್ನು 4 ಡಿಗ್ರಿ ಮುಂದಕ್ಕೆ ತಂದರೂ ಟಾರ್ಕ್ ಕೆಳಗೆ ಸರಿಯುತ್ತದೆ. ಈಗಿನ ಎಂಜಿನ್‌ಗಳಲ್ಲಿ ವೇರಿಯಬಲ್ ವಾಲ್ವ್ ಟೈಮಿಂಗ್ ಓಡುತ್ತಿರುವಾಗಲೇ ಈ ಕೆಲಸ ಮಾಡುತ್ತದೆ.

ಒಂದು ಎಚ್ಚರಿಕೆ. ಈ ಡೈನಾಮಿಕ್ ಕಂಪ್ರೆಷನ್ (ವಾಲ್ವ್ ಮುಚ್ಚಿದ ಮೇಲೆ ಸಿಗುವ 9.1, 10.2) ಲೆಕ್ಕವನ್ನು ಕಣ್ಣು ಮುಚ್ಚಿ ನಂಬಬೇಡಿ. ಟಾರ್ಕ್ ಪೀಕ್ ಹತ್ತಿರ ಗಾಳಿ ತನ್ನ ವೇಗದಿಂದಲೇ ಪೂರ್ತಿ ತುಂಬಿಕೊಳ್ಳುತ್ತದೆ, ಆಗ ಕಂಪ್ರೆಷನ್ ಪೂರ್ತಿ 11ರ ಹಾಗೇ ಕೆಲಸ ಮಾಡುತ್ತದೆ. ನಾಕಿಂಗ್ ಕಾಟ ಜಾಸ್ತಿ ಇರುವುದೂ ಅಲ್ಲೇ. ಹಾಗಾಗಿ ಕಂಪ್ರೆಷನ್ ಮತ್ತು ಕ್ಯಾಮನ್ನು ಬೇರೆ ಬೇರೆ ದಿನ ಬೇರೆ ಬೇರೆ ಅಂಗಡಿಯಲ್ಲಿ ಆರಿಸಬಾರದು. ಒಂದೇ ಹಾಳೆಯ ಮೇಲೆ ಎರಡನ್ನೂ ಬರೆದು ನಿರ್ಧಾರ ಮಾಡಬೇಕು.

ಪೋರ್ಟರ್

ಪೋರ್ಟ್ ಆದರೂ ದೊಡ್ಡದು ಮಾಡಬಹುದಲ್ಲ?

ಗೇಜ್

ಬೇಡ. 4500 ಆರ್‌ಪಿಎಂನಲ್ಲಿ ಈ ಎಂಜಿನ್‌ನ ಸರಾಸರಿ ಪಿಸ್ಟನ್ ವೇಗ ಸೆಕೆಂಡಿಗೆ 12.2 ಮೀಟರ್. ಪೋರ್ಟ್ 34 ಮಿ.ಮೀ ವ್ಯಾಸದ ಪೈಪಿಗೆ ಸಮ ಅಂತ ಇಟ್ಟುಕೊಂಡರೆ ಗಾಳಿಯ ಸರಾಸರಿ ವೇಗ 66 ಮೀಟರ್. ಅದನ್ನೇ 40ಕ್ಕೆ ಹಿಗ್ಗಿಸಿದರೆ 48 ಮೀಟರ್‌ಗೆ ಇಳಿಯುತ್ತದೆ. ವೇಗದ ವರ್ಗದ ಲೆಕ್ಕದಲ್ಲಿ ನೋಡಿದರೆ ಗಾಳಿ ತನ್ನ ನುಗ್ಗುವಿಕೆಯಿಂದ ಕೊಡುವ ಒತ್ತಡ ಹತ್ತಿರ ಹತ್ತಿರ ಅರ್ಧ. ಮೇಲೆ ವಾಲ್ವ್‌ಸೀಟ್ ಹೇಳಿದ ವಾಪಸ್ ತಳ್ಳುವಿಕೆ ಇನ್ನೂ ಜಾಸ್ತಿಯಾಗುತ್ತದೆ.

ಕೆಲಸ ಮಾಡಬೇಕಾದ ಜಾಗ ವಾಲ್ವ್‌ನ ಸುತ್ತ ಇರುವ ಒಂದೆರಡು ಸೆಂಟಿಮೀಟರ್. ಸೀಟಿಗೆ ಮೂರು ಕೋನ, 30-45-60. ವಾಲ್ವ್‌ನ ಹಿಂಭಾಗಕ್ಕೆ 30 ಡಿಗ್ರಿ ಬ್ಯಾಕ್ ಕಟ್. ಸೀಟಿನ ಕೆಳಗಿರುವ ಏಣು ತೆಗೆದು ನುಣುಪಾಗಿ ಬೆರೆಸುವುದು. ಗೈಡ್ ಸುತ್ತಲಿನ ಉಬ್ಬು ಸ್ವಲ್ಪ ತೆಳ್ಳಗೆ ಮಾಡುವುದು. ಪೋರ್ಟ್‌ನ ಉಳಿದ ಉದ್ದವನ್ನು ಮುಟ್ಟದಿದ್ದರೂ ನಡೆಯುತ್ತದೆ. ವಾಲ್ವ್ ಸ್ವಲ್ಪವೇ ತೆರೆದಿರುವಾಗಿನ ಹರಿವು ಇದರಿಂದ ಚೆನ್ನಾಗಿ ಏರುತ್ತದೆ. ಸಣ್ಣ ಕ್ಯಾಮ್‌ಗೆ ಬೇಕಾದದ್ದು ಅದೇ.

ಲ್ಯಾಂಬ್ಡಾ

ಇನ್‌ಟೇಕ್ ರನ್ನರ್ (ವಾಲ್ವ್‌ಗೆ ಗಾಳಿ ತರುವ ಪೈಪ್) ಉದ್ದವೂ ಸೇರಿಸಿ. ಪಿಸ್ಟನ್ ಎಳೆದಾಗ ಹುಟ್ಟುವ ಕಡಿಮೆ ಒತ್ತಡದ ಅಲೆ ರನ್ನರ್‌ನ ಬಾಯಿ ತನಕ ಹೋಗಿ ಹೆಚ್ಚು ಒತ್ತಡದ ಅಲೆಯಾಗಿ ಮರಳುತ್ತದೆ. ಅದು ವಾಲ್ವ್ ಮುಚ್ಚುವ ಮುಂಚೆ ಬಂದು ತಲುಪಿದರೆ ಪುಕ್ಕಟೆ ಗಾಳಿ ಸಿಗುತ್ತದೆ. 4000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 24 ಡಿಗ್ರಿ ತಿರುಗುತ್ತದೆ. ಅಲೆ ಹೋಗಿ ಬರಲು 80 ಡಿಗ್ರಿಯಷ್ಟು ಸಮಯ ಕೊಟ್ಟರೆ ವಾಲ್ವ್‌ನಿಂದ ಬಾಯಿಯ ತನಕ 55ರಿಂದ 60 ಸೆಂ.ಮೀ ಬರುತ್ತದೆ. 6000ಕ್ಕೆ ಬೇಕಾದರೆ 38 ಸೆಂ.ಮೀ. ಇದು ಶುರುಮಾಡಲು ಇಟ್ಟುಕೊಳ್ಳುವ ಅಂದಾಜು, ಕೊನೆಯ ಮಾತಲ್ಲ. ಕಂಪನಿಯ ಉದ್ದನೆಯ ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಕಿತ್ತು ಗಿಡ್ಡ ತೆರೆದ ಬಾಯಿಗಳನ್ನು ಹಾಕುವವರು ಕೆಳಗಿನ ಟಾರ್ಕನ್ನು ಕೈಯಾರೆ ಕಳೆದುಕೊಳ್ಳುತ್ತಾರೆ. ಅದಲ್ಲದೆ ಪ್ಲಾಸ್ಟಿಕ್ ಗಾಳಿಯನ್ನು ಕಮ್ಮಿ ಬಿಸಿ ಮಾಡುತ್ತದೆ. ಒಳಗೆ ಬರುವ ಗಾಳಿ 10 ಡಿಗ್ರಿ ತಣ್ಣಗಿದ್ದರೆ ಸಾಂದ್ರತೆ ಶೇ. 3ರಷ್ಟು ಜಾಸ್ತಿ.

ಎಕ್ಸಾಸ್ಟ್‌ಗೆ 4-2-1, ಅಂದರೆ ನಾಲ್ಕು ಪೈಪ್ ಎರಡಾಗಿ, ಎರಡು ಒಂದಾಗಿ ಸೇರುವುದು. ಫೈರಿಂಗ್ ಆರ್ಡರ್ 1-3-4-2 ಆದರೆ 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು ಜೋಡಿ. ಇದು ಟಾರ್ಕ್‌ಗೆ ಮಾತ್ರ ಅಲ್ಲ, ನಾಕಿಂಗ್ ತಡೆಯಲೂ ಬೇಕು. ಹಳೇ ಸುಟ್ಟ ಗಾಳಿ ಶೇ. 10 ಒಳಗೇ ಉಳಿಯಿತು, ಅದರ ಬಿಸಿ 750 ಡಿಗ್ರಿ ಅಂದುಕೊಳ್ಳಿ. 25 ಡಿಗ್ರಿಯ ಹೊಸ ಗಾಳಿಯ ಜೊತೆ ಬೆರೆತರೆ ಒತ್ತುವ ಮುಂಚೆಯೇ 97 ಡಿಗ್ರಿ. ಒತ್ತಿದ ಮೇಲೆ ಆ ಹೆಚ್ಚುವರಿ ಬಿಸಿ ಎರಡು ಪಟ್ಟಿಗಿಂತ ಜಾಸ್ತಿ ಬೆಳೆಯುತ್ತದೆ. ಮಾಜ್ದಾ 14 ಕಂಪ್ರೆಷನ್ ಇಟ್ಟುಕೊಳ್ಳಲು ಉದ್ದನೆಯ 4-2-1 ಎಕ್ಸಾಸ್ಟ್ ಬಳಸಿದ್ದಕ್ಕೆ ಕಾರಣ ಇದೇ.

ಬೂಸ್ಟ್

ಇದು ನನಗೆ ಹೊಸ ವಿಷಯ. ಎಕ್ಸಾಸ್ಟ್‌ಗೂ ನಾಕಿಂಗ್‌ಗೂ ಸಂಬಂಧ ಇದೆ ಅಂತ ಯೋಚಿಸಿಯೇ ಇರಲಿಲ್ಲ.

ಗೇಜ್

ಘರ್ಷಣೆ ಬಗ್ಗೆ ಚಿಕ್ಕದಾಗಿ. ಪಿಸ್ಟನ್ ಮತ್ತು ರಿಂಗ್‌ಗಳೇ ಇದರಲ್ಲಿ ದೊಡ್ಡ ಪಾಲು ತಿನ್ನುತ್ತವೆ. ಬೋರ್ ಹೋನ್ ಮಾಡಿಸುವಾಗ (ಒಳಗೋಡೆ ಉಜ್ಜಿ ನಯ ಮಾಡಿಸುವಾಗ) ಟಾರ್ಕ್ ಪ್ಲೇಟ್ (ಹೆಡ್‌ನ ಬದಲಿಗೆ ಬಿಗಿಯುವ ದಪ್ಪ ಪ್ಲೇಟ್) ಹಾಕಿಸಿ. ಹೆಡ್ ಬೋಲ್ಟ್ ಬಿಗಿದಾಗ ಬೋರ್ ಸೊಟ್ಟಗಾಗುತ್ತದೆ, ಆ ಸೊಟ್ಟದಲ್ಲೇ ದುಂಡಗೆ ಮಾಡಿದರೆ ತೆಳುವಾದ, ಹಗುರ ಒತ್ತಡದ ರಿಂಗ್ ಕೂಡ ಚೆನ್ನಾಗಿ ಸೀಲ್ ಆಗುತ್ತದೆ. ಘರ್ಷಣೆಯಲ್ಲಿ 0.2 ಬಾರ್ ಉಳಿಸಿದರೆ 1.6 ಲೀಟರ್‌ಗೆ 2.5 ಎನ್‌ಎಂ. ಸಣ್ಣದು ಅನ್ನಿಸಬಹುದು. ಆದರೆ ನೀವು ಹುಡುಕುತ್ತಿರುವುದು 20 ಎನ್‌ಎಂ, ಅದರ ಎಂಟನೇ ಒಂದು ಪಾಲು ಇಲ್ಲೇ ಸಿಕ್ಕಿತು.

ಲಾಂಗ್‌ಸ್ಟ್ರೋಕ್

ಕೊನೆಗೆ ಟ್ಯೂನಿಂಗ್‌ನಲ್ಲಿ ಏನು ನೋಡಬೇಕು? ಇಗ್ನಿಷನ್ (ಸ್ಪಾರ್ಕ್ ಕೊಡುವ ಹೊತ್ತು) ಎಷ್ಟು ಮುಂದಿಟ್ಟರೆ ಅಷ್ಟು ಒಳ್ಳೆಯದು ಅಂತಾರಲ್ಲ?

ಲ್ಯಾಂಬ್ಡಾ

ಹಾಗಲ್ಲ. ಇಗ್ನಿಷನ್ ಮುಂದಿಡುತ್ತಾ ಹೋದಂತೆ ಟಾರ್ಕ್ ಏರಿ, ಒಂದು ಕಡೆ ಚಪ್ಪಟೆಯಾಗಿ, ಆಮೇಲೆ ಇಳಿಯುತ್ತದೆ. ಅತಿ ಕಮ್ಮಿ ಅಡ್ವಾನ್ಸ್‌ನಲ್ಲಿ ಅತಿ ಜಾಸ್ತಿ ಟಾರ್ಕ್ ಸಿಗುವ ಜಾಗಕ್ಕೆ ಎಂಬಿಟಿ ಅಂತಾರೆ. ಆಗ ಅರ್ಧದಷ್ಟು ಮಿಶ್ರಣ ಟಿಡಿಸಿ ಕಳೆದು 8ರಿಂದ 10 ಡಿಗ್ರಿ ಹೊತ್ತಿಗೆ ಉರಿದು ಮುಗಿದಿರುತ್ತದೆ. ಒಳಗಿನ ಒತ್ತಡ ತುತ್ತತುದಿ ಮುಟ್ಟುವುದು 15 ಡಿಗ್ರಿ ಆಸುಪಾಸಿನಲ್ಲಿ. ಅದಕ್ಕಿಂತ ಮುಂಚೆ ಒತ್ತಡ ಏರಿದರೆ ಪಿಸ್ಟನ್ ಮೇಲೆ ಬರುವಾಗಲೇ ಅದನ್ನು ಕೆಳಗೆ ತಳ್ಳಿದ ಹಾಗೆ.

ಅದೇ ಟಾರ್ಕ್‌ಗೆ ನಿಮ್ಮ ಎಂಜಿನ್ ಮೊದಲಿಗಿಂತ ಕಮ್ಮಿ ಅಡ್ವಾನ್ಸ್ ಕೇಳಿದರೆ ಖುಷಿಪಡಿ. ಉರಿ ಬೇಗ ಮುಗಿಯುತ್ತಿದೆ ಅಂತ ಅರ್ಥ, ಸ್ಕ್ವಿಶ್ ಕೆಲಸ ಮಾಡುತ್ತಿದೆ.

ಪೂರ್ತಿ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ (ಇಂಧನ ಪೂರ್ತಿ ಉರಿಯಲು ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿ) 0.88 ಹತ್ತಿರ ಇಡಿ, ಮಾಮೂಲಿ ಓಟದಲ್ಲಿ 1. ಎಥನಾಲ್ ಬೆರೆತ ಪೆಟ್ರೋಲ್ ಆದರೆ ಗಾಳಿ-ಇಂಧನದ ಅನುಪಾತ ಬದಲಾಗುತ್ತದೆ. ಶೇ. 20 ಎಥನಾಲ್ ಇದ್ದರೆ 14.7ರ ಜಾಗದಲ್ಲಿ ಸುಮಾರು 13.5. ಮೀಟರ್‌ನಲ್ಲಿ ಲ್ಯಾಂಬ್ಡಾ ನೋಡಿದರೆ ಈ ಗೊಂದಲ ಇರುವುದಿಲ್ಲ. ಎಥನಾಲ್ ಆವಿಯಾಗುವಾಗ ಹೆಚ್ಚು ತಂಪು ಮಾಡುತ್ತದೆ, ನಾಕಿಂಗೂ ತಡೆಯುತ್ತದೆ. 11 ಕಂಪ್ರೆಷನ್‌ಗೆ ಅದು ಅನುಕೂಲವೇ.

ಸ್ಪ್ಯಾನರ್

ಎಲ್ಲರಿಗೂ ತುಂಬಾ ಧನ್ಯವಾದ. ಹೀಗೆ ಮಾಡಬೇಕು ಅಂದುಕೊಂಡಿದ್ದೇನೆ. ಸ್ಟ್ರೋಕ್ ಮುಟ್ಟುವುದಿಲ್ಲ. ಸೋಲ್ಡರ್ ತಂತಿಯಲ್ಲಿ ಅಳೆದು ಸ್ಕ್ವಿಶ್ 1 ಮಿ.ಮೀಗೆ ತರುತ್ತೇನೆ. ಕಂಪ್ರೆಷನ್ 11. ಮೂಲ ಕ್ಯಾಮ್, ಮೂಲ ಮ್ಯಾನಿಫೋಲ್ಡ್. ವಾಲ್ವ್ ಸೀಟ್ ಕೆಲಸ, 4-2-1 ಎಕ್ಸಾಸ್ಟ್. ಇನ್‌ಟೇಕ್ ಕ್ಯಾಮ್‌ಗೆ ಅಡ್ಜಸ್ಟ್ ಪುಲ್ಲಿ.

ಒಂದೇ ಸಂಶಯ. ವಾಲ್ವ್ ಮುಚ್ಚುವ ಹೊತ್ತು ಅಳೆಯುವಾಗ ಕೊನೆಯಲ್ಲಿ ಅದು ಬಹಳ ನಿಧಾನವಾಗಿ ಕೂರುತ್ತದೆ. ಯಾವ ಡಿಗ್ರಿಗೆ ಮುಚ್ಚಿತು ಅಂತ ಹೇಗೆ ಗೊತ್ತಾಗುತ್ತದೆ?

ಗೇಜ್

ಪೂರ್ತಿ ಮುಚ್ಚುವ ಹೊತ್ತು ಹುಡುಕಬೇಡಿ. ವಾಲ್ವ್ ಮೇಲೆ ಡಯಲ್ ಗೇಜ್ ಇಟ್ಟು, 1 ಮಿ.ಮೀ ಲಿಫ್ಟ್ ಉಳಿದಾಗ ಡಿಗ್ರಿ ವೀಲ್ (ಕ್ರ್ಯಾಂಕ್‌ಗೆ ಕೂರಿಸುವ ಡಿಗ್ರಿ ಗುರುತಿನ ಚಕ್ರ) ಓದಿ. ಪ್ರತಿ ಸಲವೂ ಅದೇ 1 ಮಿ.ಮೀ ಬಳಸಿದರೆ ಹೋಲಿಕೆ ಸರಿ ಬರುತ್ತದೆ. ಆದರೆ ವಾಲ್ವ್‌ಸೀಟ್ ಕೊಟ್ಟ 40, 60 ಡಿಗ್ರಿಯ ಲೆಕ್ಕ ಪೂರ್ತಿ ಮುಚ್ಚುವ ಹೊತ್ತಿನದು. 1 ಮಿ.ಮೀಗೆ ಓದಿದ ಸಂಖ್ಯೆ ಅದಕ್ಕಿಂತ ಕಮ್ಮಿ ಇರುತ್ತದೆ, ಎರಡನ್ನೂ ಬೆರೆಸಬೇಡಿ.

ಅದಕ್ಕೂ ಮೊದಲು ನಿಜವಾದ ಟಿಡಿಸಿ ಹುಡುಕಿ. ಪಿಸ್ಟನ್ ಮೇಲೇರದಂತೆ ಸ್ಪಾರ್ಕ್ ಪ್ಲಗ್ ತೂತಿನಲ್ಲಿ ಪಿಸ್ಟನ್ ಸ್ಟಾಪ್ ಹಾಕಿ. ಈ ಕೆಲಸ ಕೈಯಲ್ಲೇ, ನಿಧಾನವಾಗಿ. ಒಂದು ಕಡೆ ತಿರುಗಿಸಿದಾಗ 38 ಡಿಗ್ರಿಯಲ್ಲಿ ನಿಂತಿತು, ಇನ್ನೊಂದು ಕಡೆ 34ರಲ್ಲಿ ನಿಂತಿತು ಅಂದರೆ ನಿಮ್ಮ ಸೊನ್ನೆ 2 ಡಿಗ್ರಿ ಪಕ್ಕಕ್ಕೆ ಇದೆ. ಎರಡೂ ಕಡೆ 36 ಬರುವ ಹಾಗೆ ಮುಳ್ಳು ಸರಿಸಿ. ಆಮೇಲೆ ಸ್ಟಾಪ್ ತೆಗೆದು, ಕ್ಯಾಮ್ ಓದುವಾಗ ಯಾವಾಗಲೂ ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಿ. 1 ಮಿ.ಮೀ ದಾಟಿ ಹೋದರೆ ಸ್ವಲ್ಪ ಹಿಂದೆ ತಿರುಗಿಸಿ ಓದಬೇಡಿ. ಬೆಲ್ಟ್ ಸಡಿಲವಾಗಿ ಒಂದೆರಡು ಡಿಗ್ರಿ ತಪ್ಪುತ್ತದೆ. ಪೂರ್ತಿ ಎರಡು ಸುತ್ತು ಮುಂದೆ ತಿರುಗಿಸಿ ಮತ್ತೆ ಅಲ್ಲಿಗೇ ಬನ್ನಿ.